ಡಿಸ್‌ಪ್ಲೇಯಲ್ಲಿ ಮೈನಸ್ 18, ಪೆಟ್ಟಿಗೆಯಲ್ಲಿ ಮೈನಸ್ 11

ಮೇ ತಿಂಗಳ ಮಧ್ಯಾಹ್ನ ಮೂರರ ಹೊತ್ತಿಗೆ ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ದಾಟಿ ಹೆಪ್ಪುಗಟ್ಟಿದ ಮಾಲು ಸಾಗಿಸುವ ಒಂದು ಫ್ರೋಜನ್ ಗಾಡಿ ಊರೊಳಗೆ ಬರುತ್ತದೆ. ಕ್ಯಾಬಿನ್ನಿನ ಡಿಸ್‌ಪ್ಲೇ ಮೈನಸ್ 18 ತೋರಿಸುತ್ತಿರುತ್ತದೆ. ಹಿಂಬಾಗಿಲು ತೆಗೆದು, ಕಡೆಯ ಸಾಲಿನ ಮೇಲಿನ ಎರಡು ಪೆಟ್ಟಿಗೆಗಳ ನಡುವೆ ಥರ್ಮಾಮೀಟರಿನ ಪ್ರೋಬ್ ತೂರಿಸಿ ಐದು ನಿಮಿಷ ಕಾದರೆ ಮೈನಸ್ 11 ಬರುತ್ತದೆ. ಡ್ರೈವರ್ ಸುಳ್ಳು ಹೇಳುತ್ತಿಲ್ಲ, ಪ್ರೋಬೂ ಕೆಟ್ಟಿಲ್ಲ. ಒಂದು ಮುಂಗೋಡೆಯ ಗಾಳಿಯನ್ನು ಅಳೆಯುತ್ತಿದೆ, ಇನ್ನೊಂದು ಹಿಂದಿನ ಮಾಲನ್ನು.

ಮುಂಗೋಡೆಯ ಕೂಲಿಂಗ್ ಯೂನಿಟ್ ತಣ್ಣನೆ ಗಾಳಿಯನ್ನು ಚಾವಣಿಗುಂಟ ಹಿಂದಕ್ಕೆ ಎಸೆಯುತ್ತದೆ. ಅದು ಬಾಗಿಲ ತನಕ ಹೋಗಿ, ಕೆಳಗಿಳಿದು, ಪೆಟ್ಟಿಗೆಗಳ ಸುತ್ತ ಹಾದು ಮುಂಗೋಡೆಗೆ ಮರಳಬೇಕು. ಡಿಸ್‌ಪ್ಲೇಯ ಸೆನ್ಸರ್ ಕೂತಿರುವುದು ಈ ಮರಳುವ ಗಾಳಿಯ ದಾರಿಯಲ್ಲಿ. ಹಮಾಲರು ಪೆಟ್ಟಿಗೆಗಳನ್ನು ಚಾವಣಿಗೆ ತಾಗುವಂತೆ ಒಟ್ಟಿದರೆ ಗಾಳಿ ಮೂರ್ನಾಲ್ಕು ಅಡಿ ಹೋಗಿ ಅಲ್ಲಿಂದಲೇ ವಾಪಸ್ಸಾಗುತ್ತದೆ. ದೂರ ಹೋಗದ ಗಾಳಿ ಬಿಸಿಯಾಗಿರುವುದೂ ಇಲ್ಲ. ಸೆನ್ಸರ್ ಅದನ್ನೇ ನೋಡಿ ಮೈನಸ್ 18 ಎನ್ನುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ಹಿಂದಿನ ಸಾಲು ಬೇಯುತ್ತಿರುತ್ತದೆ. ಗಾಡಿ ಎಷ್ಟು ಕೆಟ್ಟದಾಗಿ ತುಂಬಿದೆಯೋ ಡಿಸ್‌ಪ್ಲೇ ಅಷ್ಟು ಚೆಂದ ಕಾಣುತ್ತದೆ.

ನಾವು ಇಲ್ಲಿ ಬರೆಯುತ್ತಿರುವುದು 14 ಅಡಿಯ ಒಂದು ರೀಫರ್ (ಕೂಲಿಂಗ್ ಯೂನಿಟ್ ಇರುವ) ಗಾಡಿಗೆ ಪ್ರತ್ಯೇಕ ತಾಪಮಾನ ಮಾಪನ ಜೋಡಿಸಿ, ಪರೀಕ್ಷಿಸಿ, ಹೈದರಾಬಾದ್‌ನಿಂದ ಜಹೀರಾಬಾದ್, ಹುಮನಾಬಾದ್, ಕಲಬುರಗಿ, ವಾಡಿ ಮೇಲೆ ಯಾದಗಿರಿ ತನಕ ಓಡಿಸಿದ ಕ್ರಮವನ್ನು. ಈ ದಾರಿಯನ್ನೇ ಆರಿಸಿದ್ದಕ್ಕೆ ಕಾರಣ ಬಿಸಿಲು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ಇದು. ಹೊರಗೆ 43 ಡಿಗ್ರಿ, ಒಳಗೆ ಮೈನಸ್ 18 ಎಂದರೆ 61 ಡಿಗ್ರಿ ಅಂತರ. ಹೊರಗೆ 30 ಇರುವ ಊರಿನಲ್ಲಿ ಅದೇ ಗಾಡಿಗೆ ಅಂತರ 48. ಗೋಡೆಯ ಮೂಲಕ ಒಳನುಗ್ಗುವ ಶಾಖ ಅಂತರಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಇಲ್ಲಿ ಕಾಲುಪಾಲಿಗಿಂತ ಹೆಚ್ಚು ಹೊರೆ. ಚಾವಣಿಯ ತಗಡಿಗೆ ನೇರ ಬೀಳುವ ಬಿಸಿಲಿನ ಲೆಕ್ಕ ಇದರಲ್ಲಿ ಸೇರಿಲ್ಲ. ಯೂನಿಟ್ ಕೊಳ್ಳುವಾಗ ಕೆಪಾಸಿಟಿಯ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಡಿಗ್ರಿ ಹೊರತಾಪಕ್ಕೆ ಬರೆದದ್ದು ಎಂದು ಕೇಳಲೇಬೇಕು. ಥಂಡಿ ಆಹಾರ ಸಾಗಿಸುವ ಗಾಡಿಗಳಿಗಾಗಿ ಯುರೋಪಿನಲ್ಲಿರುವ ಎಟಿಪಿ ಪದ್ಧತಿಯಲ್ಲಿ ಅದು 30 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಿನಲ್ಲಿ ಬೆಳಿಗ್ಗೆಯೇ ಅಷ್ಟಾಗುತ್ತದೆ.

ಮೊದಲು ಸೆನ್ಸರ್. ಮಾರುಕಟ್ಟೆಯಲ್ಲಿ ಮೂರು ಜಾತಿ ಸಿಗುತ್ತವೆ, ಮೂರೂ ಕೆಡುವ ರೀತಿ ಬೇರೆ. ಯಾವುದು ಹೇಗೆ ಕೆಡುತ್ತದೆ ಎಂದು ತಿಳಿದರೆ ಗ್ರಾಫ್ ನೋಡಿಯೇ ರಿಪೇರಿ ಹೇಳಬಹುದು.

ಪಿಟಿ-100 ಎಂಬುದು ಸೊನ್ನೆ ಡಿಗ್ರಿಯಲ್ಲಿ ಸರಿಯಾಗಿ 100 ಓಮ್ ರೋಧ ತೋರುವ ಪ್ಲಾಟಿನಂ ಸೆನ್ಸರ್. ಒಂದು ಡಿಗ್ರಿ ಏರಿದರೆ ಸುಮಾರು 0.385 ಓಮ್ ಹೆಚ್ಚು, ಅಷ್ಟೇ. ಹೀಗೆ ಸಣ್ಣದಾಗಿರುವುದರಿಂದ ತಂತಿಯ ರೋಧವೂ ಲೆಕ್ಕಕ್ಕೆ ಬರುತ್ತದೆ. 0.22 ಚದರ ಮಿಲಿಮೀಟರ್‌ನ ತೆಳ್ಳನೆ ತಾಮ್ರದ ತಂತಿಗೆ ಮೀಟರಿಗೆ 0.08 ಓಮ್‌ನಷ್ಟು ರೋಧವಿದೆ. ಕ್ಯಾಬಿನ್‌ನಿಂದ ಹಿಂಬಾಗಿಲಿಗೆ ಹತ್ತು ಮೀಟರ್ ಎಳೆದರೆ ಹೋಗಿಬರುವ ಇಪ್ಪತ್ತು ಮೀಟರಿಗೆ 1.6 ಓಮ್, ಅಂದರೆ 4 ಡಿಗ್ರಿ ಸುಳ್ಳು. ಎರಡು ತಂತಿಯಲ್ಲಿ ಜೋಡಿಸಿದ ಪಿಟಿ-100 ಯಾವಾಗಲೂ ಇದ್ದದ್ದಕ್ಕಿಂತ ಬಿಸಿ ತೋರಿಸುತ್ತದೆ. ಮೂರು ತಂತಿಯಲ್ಲಿ ಜೋಡಿಸಿ, ಇಲ್ಲವೇ ಹತ್ತು ಪಟ್ಟು ರೋಧದ ಪಿಟಿ-1000 ಹಾಕಿ. ಕೀಲಿನಲ್ಲಿ ಕಿಲುಬು ಹಿಡಿದರೂ ಇದು ಬಿಸಿಯ ಕಡೆಗೇ ಜಾರುತ್ತದೆ.

ಎನ್‌ಟಿಸಿ ಥರ್ಮಿಸ್ಟರ್ ಇದಕ್ಕೆ ತದ್ವಿರುದ್ಧ. ತಣ್ಣಗಾದಷ್ಟೂ ರೋಧ ಏರುತ್ತದೆ: 25 ಡಿಗ್ರಿಯಲ್ಲಿ 10 ಕಿಲೋಓಮ್ ಇದ್ದದ್ದು ಸೊನ್ನೆಗೆ ಬರುವಷ್ಟರಲ್ಲಿ 32 ಕಿಲೋಓಮ್ ದಾಟುತ್ತದೆ. ಒಂದೆರಡು ಓಮ್ ತಂತಿ ಇದಕ್ಕೆ ಲೆಕ್ಕವಲ್ಲ. ಆದರೆ ತುದಿಗೆ ತೇವ ಇಳಿದರೆ ಕರೆಂಟು ಪಕ್ಕದಾರಿ ಹಿಡಿಯುತ್ತದೆ, ರೋಧ ಕಡಿಮೆ ಕಾಣುತ್ತದೆ, ಮಾಲು ಮೈನಸ್ 18ರಲ್ಲಿದ್ದರೂ ಮೈನಸ್ 14 ಎಂದು ಓದಿಸುತ್ತದೆ. ತಂತಿ ಪೂರ್ತಿ ಕಿತ್ತರೆ ಅಳತೆಯ ಕೊನೆಯ ತಣ್ಣನೆ ಅಂಕಿ ತೋರುತ್ತದೆ. ಇದು ಅಪಾಯಕಾರಿ, ಯಾಕೆಂದರೆ 'ತುಂಬ ಥಂಡಿ ಇದೆ' ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಮೂರನೆಯದು ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್. ಅಗ್ಗ, ಒಂದೇ ತಂತಿಯ ಗುಂಟ ಹಲವನ್ನು ಕಟ್ಟಬಹುದು. ಕಂಪನಿ ಹೇಳುವ ಅರ್ಧ ಡಿಗ್ರಿಯ ನಿಖರತೆ ಮೈನಸ್ 10ರಿಂದ ಮೇಲಕ್ಕೆ ಮಾತ್ರ. ಮೈನಸ್ 18ರಲ್ಲಿ ಆ ಭರವಸೆ ಇಲ್ಲ. ಇದರ ಎರಡು ಅಂಕಿಗಳನ್ನು ಕಂಠಪಾಠ ಮಾಡಿಕೊಳ್ಳಬೇಕು. ಗ್ರಾಫ್‌ನಲ್ಲಿ ಒಂದೇ ಚುಕ್ಕೆಯಾಗಿ 85 ಡಿಗ್ರಿ ಬಂದರೆ ಗಾಡಿಗೆ ಬೆಂಕಿ ಬಿದ್ದಿಲ್ಲ. ಸೆನ್ಸರ್‌ಗೆ ವಿದ್ಯುತ್ ಹೋಗಿ ಬಂದಿದೆ, ಹೊಸ ಅಳತೆ ಮುಗಿಯುವ ಮುಂಚೆ ಓದಲಾಗಿದೆ ಎಂದರ್ಥ. ಹನ್ನೆರಡು ಬಿಟ್ ಅಳತೆಗೆ ಅದು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಲ್ಲಿಯ ತನಕ 85 ಅದರ ಹುಟ್ಟಂಕಿ. ಮೈನಸ್ 127 ಬಂದರೆ ತಂತಿ ಕಿತ್ತಿದೆ. ಸೆನ್ಸರ್ ಓದನ್ನು ಸಿಮ್ ಮೂಲಕ ಕಳಿಸುವ ಅಗ್ಗದ ಟ್ರ್ಯಾಕರ್‌ಗಳು ಬಹಳಷ್ಟು ಈ ಎರಡನ್ನೂ ಸರಾಸರಿಗೆ ಸೇರಿಸಿ ಚೆಂದದ ರಿಪೋರ್ಟ್ ಕೊಡುತ್ತವೆ. ಅಂಥ ಸರಾಸರಿಯನ್ನು ನಂಬಬೇಡಿ.

ಈ ಗಾಡಿಗೆ ನಾವು ಮೂರು ತಂತಿಯ ಪಿಟಿ-100 ಎರಡು, ಜತೆಗೆ ತಾಪವನ್ನು ತಾನೇ ಅಳೆದು ಬರೆದಿಟ್ಟುಕೊಳ್ಳುವ ಯುಎಸ್‌ಬಿ ಲಾಗರ್ ಎರಡು ಇಟ್ಟೆವು. ಬ್ಲೂಟೂತ್ ಸೆನ್ಸರ್ ಬಿಟ್ಟೆವು. ಒದ್ದೆ ಪೆಟ್ಟಿಗೆ, ಒಳಗಿನ ಲೋಹದ ಹಾಳೆ, ತುಂಬಿದ ಮಾಲು ಇವೆಲ್ಲ ಅದರ ಸಿಗ್ನಲ್ ನುಂಗುತ್ತವೆ. ಚಿಕ್ಕ ಬಿಲ್ಲೆಯ ಬ್ಯಾಟರಿ ಮೈನಸ್ 18ರಲ್ಲಿ ಮಂಕಾಗಿ, ರೇಡಿಯೋ ಎಬ್ಬಿಸುವ ಕ್ಷಣಕ್ಕೆ ವೋಲ್ಟೇಜ್ ಕುಸಿದು ಮಾತು ನಿಲ್ಲಿಸುತ್ತದೆ. ಹಾಲಿನ ಗಾಡಿಗೆ ಅವು ನಡೆಯುತ್ತವೆ, ಐಸ್‌ಕ್ರೀಮಿಗೆ ಆಗಿಬರುವುದಿಲ್ಲ.

ಜೋಡಿಸುವ ಮುಂಚೆ ಮಂಜಿನ ಪರೀಕ್ಷೆ. ಸ್ಟೀಲಿನ ಥರ್ಮಾಸ್ ಫ್ಲಾಸ್ಕ್ ಒಂದನ್ನು ಪುಡಿಮಾಡಿದ ಐಸ್‌ನಿಂದ ಬಾಯಿತನಕ ತುಂಬಿ, ಸಂದುಗಳು ತುಂಬುವಷ್ಟೇ ತಣ್ಣೀರು ಹಾಕಿ. ಐಸ್ ನೀರಿನಲ್ಲಿ ತೇಲಿ ಮೇಲೇಳಬಾರದು. ತೇಲಿದರೆ ತಳದಲ್ಲಿ 4 ಡಿಗ್ರಿಯ ನೀರು ಕೂತಿರುತ್ತದೆ, ಪ್ರೋಬ್ ಅದನ್ನೇ ಅಳೆದುಬಿಡುತ್ತದೆ. ಕಲಕಿ, ಪ್ರೋಬನ್ನು ನಡುವೆ ಐದು ಸೆಂಟಿಮೀಟರ್ ಆಳಕ್ಕೆ ಗೋಡೆಗೂ ತಳಕ್ಕೂ ತಾಗದಂತೆ ಹಿಡಿದು, ಐದು ನಿಮಿಷ ಬಿಟ್ಟು ಓದಿ. ಸೊನ್ನೆಯಿಂದ ಅರ್ಧ ಡಿಗ್ರಿ ಆಚೀಚೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸ ಬರೆದಿಟ್ಟುಕೊಂಡು ಆಫ್‌ಸೆಟ್ ಕೊಡಿ. ಎರಡು ಡಿಗ್ರಿ ದಾಟಿದರೆ ಆ ಸೆನ್ಸರನ್ನು ಎಸೆಯುವುದೇ ಲೇಸು. ನಮ್ಮ ಬೋರ್‌ವೆಲ್ ನೀರಿನ ಗಡಸುತನದಿಂದ ಕರಗುವ ಬಿಂದು ಡಿಗ್ರಿಯ ನೂರನೇ ಪಾಲಿನಷ್ಟು ಇಳಿಯಬಹುದು, ಅದಕ್ಕೆ ಹೆದರಬೇಕಿಲ್ಲ. ಕುಲ್ಫಿ ಗಾಡಿಯವರಿಂದ ಐಸ್ ತಂದರೆ ಮಾತ್ರ ಕೆಲಸ ಕೆಡುತ್ತದೆ. ಅದರಲ್ಲಿ ಉಪ್ಪು ಬೆರೆತಿರುತ್ತದೆ. ಉಪ್ಪು ಮತ್ತು ಮಂಜಿನ ಮಿಶ್ರಣ ಮೈನಸ್ 21ರ ತನಕವೂ ಇಳಿಯಬಲ್ಲದು.

ಕುದಿಯುವ ನೀರಿನಲ್ಲಿ 100 ಬರಲಿಲ್ಲ ಎಂದು ಪ್ರೋಬ್ ವಾಪಸ್ ಕಳಿಸುವವರೂ ಇದ್ದಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98.5ರ ಆಸುಪಾಸು. ಬೀದರದ ಗುಡ್ಡದ ಮೇಲೆ 98ಕ್ಕೂ ತುಸು ಕಡಿಮೆ. ಹಾಗೆ ನೋಡಿದರೆ ಫ್ರೋಜನ್ ಕೆಲಸಕ್ಕೆ ಕುದಿಬಿಂದುವಿನ ಪರೀಕ್ಷೆಯೇ ಬೇಡ. ವರ್ಷಕ್ಕೊಮ್ಮೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಕಳಿಸುವಾಗ ಯಾವ ಬಿಂದುಗಳಲ್ಲಿ ಪರೀಕ್ಷಿಸಬೇಕು ಎಂದು ನಾವೇ ಬರೆದುಕೊಡಬೇಕು: ಮೈನಸ್ 20, ಸೊನ್ನೆ, 5. ಹೇಳದಿದ್ದರೆ 25, 50, 100ಕ್ಕೆ ಸರ್ಟಿಫಿಕೇಟ್ ಬಂದು ಬಿಡಬಹುದು. ಅದು ಫ್ರೇಮ್ ಹಾಕಿಸಲು ಚೆಂದ, ಐಸ್‌ಕ್ರೀಮ್ ಗಾಡಿಗೆ ಉಪಯೋಗವಿಲ್ಲ.

ಇನ್ನು ಖಾಲಿ ಗಾಡಿಯ ತಾಪಮಾನ ನಕ್ಷೆ. ಸೆನ್ಸರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಊಹೆಯಿಂದ ನಿರ್ಧರಿಸಬಾರದು. ಹನ್ನೆರಡು ಲಾಗರ್‌ಗಳನ್ನು ಮುಂದೆ ನಾಲ್ಕು, ನಡುವೆ ನಾಲ್ಕು, ಬಾಗಿಲ ಬಳಿ ನಾಲ್ಕು, ಪ್ರತಿ ಕಡೆ ಮೇಲೆರಡು ಕೆಳಗೆರಡು ಹೀಗೆ ದಾರದಲ್ಲಿ ತೂಗುಹಾಕಿದೆವು. ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರ, ಒಂದು ನಿಮಿಷಕ್ಕೊಂದು ಓದು. ಹದಿಮೂರನೆಯದು ಹೊರಗೆ ಗಾಡಿಯ ನೆರಳಿನಲ್ಲಿ. ಪರೀಕ್ಷೆ ಮಾಡಬೇಕಾದದ್ದು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ, ಗಾಡಿ ಬಯಲಿನಲ್ಲಿ ನಿಂತಿರುವಾಗ. ಬೆಳಿಗ್ಗೆ ಏಳಕ್ಕೆ ಶೆಡ್ಡಿನೊಳಗೆ ಮಾಡಿದರೆ ಎಲ್ಲ ಗಾಡಿಯೂ ಪಾಸಾಗುತ್ತದೆ. ಒಳಗಿನ ಗಾಳಿ ಸೆಟ್ ಪಾಯಿಂಟ್ (ಯೂನಿಟ್‌ಗೆ ನಾವು ಕೊಟ್ಟ ಗುರಿಯ ಅಂಕಿ) ಮುಟ್ಟಿದ ಮೇಲೆ ಮೂರು ಗಂಟೆ ಓಡಿಸಿ, ನಂತರ ಬಾಗಿಲನ್ನು ಗಡಿಯಾರ ನೋಡಿ ಹತ್ತು ನಿಮಿಷ ತೆರೆದು ಮುಚ್ಚಿ, ಮರಳಿ ಸೆಟ್ ಪಾಯಿಂಟಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಬೇಕು. ಆ ಅವಧಿ ಮುಂದೆ ಪ್ರತಿ ಬೇಸಿಗೆಗೂ ಹೋಲಿಸುವ ಅಳತೆ. ಮರುವರ್ಷ ಅದು ದೀಡ ಪಟ್ಟಾದರೆ ಗ್ಯಾಸು, ಬಾಗಿಲ ರಬ್ಬರು, ಯೂನಿಟ್‌ನ ಕಾಯಿಲಿನ ಧೂಳು, ಇಲ್ಲವೇ ಗೋಡೆಯಲ್ಲಿ ತುಂಬಿದ ಶಾಖ ತಡೆಯುವ ಫೋಮ್, ಅಂದರೆ ಪಫ್ ಒಳಗಿನ ತೇವ, ಈ ನಾಲ್ಕರಲ್ಲೊಂದು ಕಾರಣ.

ಅತಿ ಬಿಸಿಯ ಜಾಗ ಬಾಗಿಲ ಮೇಲ್ಮೂಲೆಯಲ್ಲಿ ಸಿಗುವುದೇ ಹೆಚ್ಚು. ಹುಮನಾಬಾದ್‌ನಿಂದ ಕಲಬುರಗಿಗೆ ನೈಋತ್ಯದ ಕಡೆ ಓಡುವಾಗ ಇಳಿಬಿಸಿಲು ಬಲಗೋಡೆಗೆ ಹೊಡೆಯುವುದರಿಂದ ಬಲಮೂಲೆ ಇನ್ನೂ ಕೆಟ್ಟದು. ಒಂದು ಪಿಟಿ-100 ಅನ್ನು ಯೂನಿಟ್‌ಗೆ ಮರಳುವ ಗಾಳಿಯಲ್ಲಿ, ಗಾಡಿಯ ಸ್ವಂತ ಸೆನ್ಸರ್ ಪಕ್ಕದಲ್ಲೇ ಇಟ್ಟೆವು. ಎರಡರ ಅಂಕಿ ಒಂದು ಡಿಗ್ರಿಗಿಂತ ಹೆಚ್ಚು ಬೇರೆಯಾದರೆ ಒಂದು ಸುಳ್ಳು ಎಂದು ತಕ್ಷಣ ಗೊತ್ತಾಗುತ್ತದೆ. ಇನ್ನೊಂದನ್ನು ಹಿಂಭಾಗದಲ್ಲಿ, ಮಾಲಿನ ಮೇಲ್ಮಟ್ಟದ ಎತ್ತರಕ್ಕೆ, ಜಾಲರಿಯ ಕವಚದೊಳಗೆ. ಕವಚ ಇಲ್ಲದಿದ್ದರೆ ಮೊದಲ ಟ್ರಿಪ್ಪಿನಲ್ಲೇ ಯಾವುದಾದರೂ ಕ್ರೇಟಿನ ಮೂಲೆ ತಾಗಿ ಅದರ ಕತೆ ಮುಗಿಯುತ್ತದೆ.

ತಂತಿ ಹೊರತರಲು ಪಫ್ ಗೋಡೆಗೆ ತೂತು ಕೊರೆಯುವುದು ಸಣ್ಣ ಕೆಲಸ ಅನ್ನಿಸಿದರೂ ಗಾಡಿಗಳು ಹಾಳಾಗುವುದು ಇಲ್ಲೇ. ತೂತಿನಲ್ಲಿ ಸಂದು ಉಳಿದರೆ ಹೊರಗಿನ ತೇವದ ಗಾಳಿ ಪಫ್ ಒಳಗೆ ಸೇರಿ ನೀರಾಗಿ, ಮಂಜಾಗಿ, ಗೋಡೆಯ ತಡೆಯುವ ಗುಣವನ್ನೇ ತಿನ್ನುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಹೊರಗಿನ ತಗಡು ಬೆವರುವುದು ಕಾಣುತ್ತದೆ. ತೂತನ್ನು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿ ಕೊರೆದು, ಫೋಮ್ ತುಂಬಿ, ಎರಡೂ ಬದಿ ತಂತಿಯನ್ನು ಬಿಗಿಹಿಡಿಯುವ ಗ್ಲ್ಯಾಂಡ್ ಮತ್ತು ಸಿಲಿಕೋನ್ ಹಾಕಿ, ಹೊರಗಿನ ತಂತಿಗೆ ಒಂದು ತಗ್ಗಿನ ಬಳುಕು ಕೊಡಿ. ಆಗ ನೀರು ತಂತಿಗುಂಟ ಒಳಬರದೆ ಬಳುಕಿನ ತಳದಲ್ಲಿ ತೊಟ್ಟಿಕ್ಕುತ್ತದೆ. ಕೀಲುಗಳಿಗೆ ಕರಿ ಟೇಪ್ ಸುತ್ತುವುದು ಬೇಡ. ಕ್ರಿಂಪ್ ಮಾಡಿ ಅಂಟುಳ್ಳ ಹೀಟ್ ಶ್ರಿಂಕ್ ಹಾಕಿ.

ಹೈದರಾಬಾದ್‌ನಲ್ಲಿ ಲೋಡಿಂಗ್. ರೀಫರ್ ಗಾಡಿ ಫ್ರೀಜರ್ ಅಲ್ಲ. ಮಾಲು ಇದ್ದ ಥಂಡಿಯನ್ನು ಕಾಯುವುದಷ್ಟೇ ಅದರ ಕೆಲಸ. ಮೈನಸ್ 12ರಲ್ಲಿ ಬಂದ ಎರಡು ಟನ್ ಮಾಲನ್ನು ದಾರಿಯಲ್ಲಿ ಮೈನಸ್ 18ಕ್ಕೆ ಇಳಿಸುತ್ತೇನೆ ಎಂದು ಹೇಳುವವರು ಕೆಲಸ ತಿಳಿಯದವರು. ಖಾಲಿ ಗಾಡಿಯ ಒಳಭಾಗವನ್ನು ಒಂದೂವರೆಯಿಂದ ಎರಡು ಗಂಟೆ ಮೊದಲೇ ತಣಿಸಿ, ಯೂನಿಟ್ ಆಫ್ ಮಾಡಿ, ಆಮೇಲೆ ಬಾಗಿಲು ತೆಗೆಯಬೇಕು. ಆಫ್ ಮಾಡುವುದು ಯಾಕೆಂದರೆ ಬಾಗಿಲು ತೆರೆದಾಗ ಫ್ಯಾನ್ ಓಡುತ್ತಿದ್ದರೆ ಅದು ಹೊರಗಿನ ತೇವದ ಗಾಳಿಯನ್ನೇ ಎಳೆದು ಕಾಯಿಲಿಗೆ ಮಂಜು ಕಟ್ಟಿಸುತ್ತದೆ, ಮುಂದಿನ ಡಿಫ್ರಾಸ್ಟ್ (ಯೂನಿಟ್ ತಾನೇ ಆ ಮಂಜನ್ನು ಕರಗಿಸುವ ಸುತ್ತು) ಬೇಗ ಬರುತ್ತದೆ. ನಿಂತ ಗಾಡಿಯಲ್ಲಿ ಥಂಡಿ ಗಾಳಿ ಕೆಳಗಿನಿಂದ ಹೊರಗೆ ಸುರಿದು ಬಿಸಿಗಾಳಿ ಮೇಲಿನಿಂದ ನುಗ್ಗುತ್ತದೆ ನಿಜ, ಪ್ಲಾಸ್ಟಿಕ್ ಪಟ್ಟಿಯ ಪರದೆ ಅದನ್ನು ಅರ್ಧಕ್ಕೆ ತಡೆಯುತ್ತದೆ. ಹಮಾಲರು ಮೊದಲು ಮಾಡುವುದೇ ಆ ಪರದೆಯನ್ನು ಎತ್ತಿ ಕಟ್ಟುವ ಕೆಲಸ.

ಲೋಡ್ ಮಾಡುವ ಮುಂಚೆ ಪೆಟ್ಟಿಗೆಯ ತಾಪ ನೋಡಬೇಕು. ಫ್ರೋಜನ್‌ಗೆ ಪೆಟ್ಟಿಗೆ ಒಡೆಯದೆ ನೋಡುವ ಕ್ರಮ ಇದು: ಪ್ರೋಬನ್ನು ಮೊದಲು ಬೇರೊಂದು ಫ್ರೋಜನ್ ಪೆಟ್ಟಿಗೆಗೆ ಒತ್ತಿ ತಣಿಸಿ, ನಂತರ ಎರಡು ಪೆಟ್ಟಿಗೆಗಳ ನಡುವೆ ಉದ್ದಕ್ಕೂ ಮಲಗಿಸಿ, ಮೇಲೆ ಭಾರ ಒತ್ತಿ, ಅಂಕಿ ನಿಲ್ಲುವ ತನಕ ಕಾಯುವುದು. ಕೋಣೆಯ ಬಿಸಿಯಲ್ಲಿದ್ದ ಪ್ರೋಬನ್ನು ನೇರ ತೂರಿಸಿದರೆ ಅದೇ ಪೆಟ್ಟಿಗೆಯನ್ನು ಬಿಸಿ ಮಾಡಿ ತಪ್ಪು ಹೇಳುತ್ತದೆ. ಲೇಸರ್ ಚುಕ್ಕೆಯ ಗನ್ನು ಬೇಗ ಆಗುತ್ತದೆ ಎಂದು ಎಲ್ಲರಿಗೂ ಅದರ ಮೇಲೆ ಪ್ರೀತಿ, ಆದರೆ ಅದು ಓದುವುದು ಮೇಲ್ಮೈ ಮಾತ್ರ. ಹೊಳೆಯುವ ಫಾಯಿಲ್ ಮೇಲೆ ಹಿಡಿದರೆ ಅದು ಅರ್ಧ ನಿಮ್ಮ ಮುಖದ ಬಿಸಿಯನ್ನೇ ಓದುತ್ತಿರುತ್ತದೆ. ಅನುಮಾನ ಬಂದ ಪೆಟ್ಟಿಗೆ ಹುಡುಕಲು ಮಾತ್ರ ಅದನ್ನು ಬಳಸಿ, ತೀರ್ಪಿಗೆ ಪ್ರೋಬ್. ಆಹಾರಕ್ಕೆ ತಾಗುವ ಪ್ರೋಬನ್ನು ಪ್ರತಿಸಲ 70 ಶೇಕಡ ಆಲ್ಕೋಹಾಲಿನಲ್ಲಿ ಒರೆಸಬೇಕು.

ಫ್ರೋಜನ್ ಬಟಾಣಿ ಇದ್ದರೆ ಇನ್ನೂ ಅಗ್ಗದ ಮಾಪಕ ಕೈಯಲ್ಲೇ ಇದೆ. ಪ್ಯಾಕೆಟ್ ಕುಲುಕಿದರೆ ಗಲಗಲ ಸದ್ದು ಬರಬೇಕು. ಗಡ್ಡೆಕಟ್ಟಿ ಇಟ್ಟಿಗೆಯಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು, ಈಗ ಮೈನಸ್ 20 ತೋರಿದರೂ ಸರಿಯೇ. ಐಸ್‌ಕ್ರೀಮ್ ಕೂಡ ಹಾಗೆ. ಮೈನಸ್ 18ರಿಂದ ಮೈನಸ್ 12ಕ್ಕೆ ಹೋಗಿ ಬರುವ ಪ್ರತಿ ಸುತ್ತಿನಲ್ಲೂ ಸಣ್ಣ ಹರಳುಗಳು ಕರಗಿ ದೊಡ್ಡ ಹರಳಿಗೆ ಅಂಟುತ್ತವೆ, ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಗೇಟಿನಲ್ಲಿ ಓದಿದ ಒಂದು ಅಂಕಿ ಆ ಇತಿಹಾಸವನ್ನು ಹೇಳಲಾರದು.

ಪೆಟ್ಟಿಗೆಗಳನ್ನು ಚಾವಣಿಯ ಬಳಿ ಮಾಲಿನ ಎತ್ತರದ ಮಿತಿ ತೋರುವ ಕೆಂಪು ಗೆರೆಯ ಕೆಳಗೆ ನಿಲ್ಲಿಸಿ, ಮುಂಗೋಡೆಯಲ್ಲೂ ಬಾಗಿಲಲ್ಲೂ ಒಂದು ಕೈ ಅಗಲ ಬಿಟ್ಟು, ನೆಲದಲ್ಲಿ ಪ್ಯಾಲೆಟ್ ಹಾಕಿ. ಲಾಗರ್ ಒಂದನ್ನು ನಡುವಿನ ಸಾಲಿನ ಪೆಟ್ಟಿಗೆಗಳ ಮಧ್ಯೆ, ಇನ್ನೊಂದನ್ನು ಹಿಂದಿನ ಮೇಲಿನ ಬಲಮೂಲೆಯ ಪೆಟ್ಟಿಗೆಗೆ ಅಂಟಿಸಿದೆವು. ಲಾಗರ್‌ನ ಸ್ಟಾರ್ಟ್ ಬಟನ್ ಒತ್ತಿ ಹಿಡಿದು ದೀಪ ಮಿನುಗಿದ್ದನ್ನು ಕಣ್ಣಾರೆ ನೋಡಬೇಕು. ಒತ್ತಿದ್ದೇನೆ ಅಂದುಕೊಂಡು ಖಾಲಿ ಫೈಲ್ ತರುವುದು ಈ ವೃತ್ತಿಯ ಅತಿ ಸಾಮಾನ್ಯ ತಪ್ಪು. ಅರ್ಧ ಗಂಟೆಯ ವಿಳಂಬ ಹಾಕಿದರೆ ಲಾಗರ್ ಮೊದಲು ತಣಿಯುತ್ತದೆ, ಆರಂಭದ ಸುಳ್ಳು ಬಿಸಿ ದಾಖಲಾಗುವುದಿಲ್ಲ. ಐದು ನಿಮಿಷಕ್ಕೊಂದು ಓದು ಸಾಕು. 16,000 ಓದು ಹಿಡಿಯುವ ಲಾಗರ್ ಹಾಗೆ 55 ದಿನ ಓಡುತ್ತದೆ. ಗಡಿಯಾರವನ್ನು ಮರೆಯಬೇಡಿ. ಲಾಗರ್ ಗ್ರೀನ್‌ವಿಚ್ ಸಮಯದಲ್ಲಿ ಉಳಿದರೆ ಇಡೀ ಗ್ರಾಫ್ ಐದೂವರೆ ಗಂಟೆ ಹಿಂದೆ ಸರಿಯುತ್ತದೆ. ಹುಮನಾಬಾದ್‌ನಲ್ಲಿ ಬೆಳಿಗ್ಗೆ 11ಕ್ಕೆ ತೆಗೆದ ಬಾಗಿಲು ಗ್ರಾಫ್‌ನಲ್ಲಿ 5.30ಕ್ಕೆ, ಅಂದರೆ ಲೋಡಿಂಗ್ ಮಾಡಿದವರ ತಲೆಗೆ ಬರುತ್ತದೆ. ಈ ಒಂದು ಕಾರಣಕ್ಕೆ ಎದ್ದ ಜಗಳಗಳು ಕಡಿಮೆಯಲ್ಲ.

ದಾರಿಯಲ್ಲಿ ಗಮನಿಸಬೇಕಾದವು ಎರಡು. ಗಾಡಿಯ ಇಂಜಿನ್ನಿನಿಂದಲೇ ಕಂಪ್ರೆಸರ್ ಓಡುವ ಯೂನಿಟ್ ಆದರೆ, ಊಟಕ್ಕೆ ನಿಲ್ಲಿಸಿ ಕೀಲಿ ತಿರುಗಿಸಿದ ಕ್ಷಣ ಕೂಲಿಂಗೂ ನಿಲ್ಲುತ್ತದೆ. ಐಡಲಿಂಗ್‌ನಲ್ಲೂ ಅದು ಪೂರ್ತಿ ಶಕ್ತಿ ಕೊಡುವುದಿಲ್ಲ. ರಾತ್ರಿ ಹಾಲ್ಟ್ ಇದ್ದರೆ ಹೊರಗಿನ ಕರೆಂಟಿನಲ್ಲಿ ಯೂನಿಟ್ ಓಡಿಸುವ ವಿದ್ಯುತ್ ಸ್ಟ್ಯಾಂಡ್‌ಬೈ ಬೇಕು, ಸಿಂಗಲ್ ಫೇಸ್ ಸಿಗುವ ಜಾಗದಲ್ಲಿ ತ್ರೀ ಫೇಸ್ ಮೋಟಾರ್ ಇಟ್ಟುಕೊಂಡು ಪ್ರಯೋಜನವಿಲ್ಲ. ಎರಡನೆಯದು ಧೂಳು. ಮಳಖೇಡ, ಸೇಡಂ, ವಾಡಿ ಸುತ್ತಿನ ಸಿಮೆಂಟು ಸೀಮೆಯ ನುಣ್ಣನೆ ಪುಡಿ ಕಂಡೆನ್ಸರ್ ರೆಕ್ಕೆಗಳಲ್ಲಿ ಕೂತು ಸ್ವಲ್ಪ ತೇವಕ್ಕೇ ಗಟ್ಟಿಯಾಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಬೇರೆ. ಕಂಡೆನ್ಸರ್ ಶಾಖ ಬಿಡಲಾಗದೆ, ಗ್ಯಾಸಿನ ಒತ್ತಡ ಏರಿ, ಹೈ ಪ್ರೆಶರ್ ಸ್ವಿಚ್ ಕಟ್ ಆಗಿ ಯೂನಿಟ್ ನಿಲ್ಲುತ್ತದೆ. ತಂಪಾದ ಮೇಲೆ ತಾನೇ ಶುರುವಾಗುವುದರಿಂದ ಸಂಜೆ ಮೆಕ್ಯಾನಿಕ್ ನೋಡುವಾಗ ಏನೂ ಕೆಟ್ಟಿರುವುದಿಲ್ಲ. ವಾರಕ್ಕೊಮ್ಮೆ ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಹೊಡೆಯುವುದು ಕ್ಷೇಮ. ಜೋರು ನೀರು ಹೊಡೆದರೆ ರೆಕ್ಕೆ ಮಡಚಿ ಮತ್ತೊಂದು ತೊಂದರೆ.

ಟವರ್ ಸಿಗದ ಕಡೆ ಟ್ರ್ಯಾಕರ್ ಓದುಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಆಮೇಲೆ ಕಳಿಸಬೇಕು. ಕಳಿಸಿದ ಹೊತ್ತನ್ನಲ್ಲ, ಅಳೆದ ಹೊತ್ತನ್ನು ಬರೆಯುವ ಸಾಧನವೇ ಬೇಕು. ಖರೀದಿಸುವ ಮುಂಚೆ ಸಿಮ್ ತೆಗೆದು ಒಂದು ಗಂಟೆ ಓಡಿಸಿ ಮತ್ತೆ ಹಾಕಿ ನೋಡಿ. ಒಂದೇ ನಿಮಿಷಕ್ಕೆ ಹನ್ನೆರಡು ಓದು ಗುಂಪಾಗಿ ಬಿದ್ದರೆ ಅದನ್ನು ಅಂಗಡಿಗೇ ಮರಳಿಸಿ.

ಗ್ರಾಫ್ ಓದುವುದು ಕಲಿತರೆ ದಾರಿಯಲ್ಲಿ ನಡೆದದ್ದೆಲ್ಲ ಕೂತಲ್ಲೇ ತಿಳಿಯುತ್ತದೆ. ಗರಗಸದ ಹಲ್ಲಿನಂತೆ ಒಂದೇ ಅಂತರದಲ್ಲಿ ಏರಿಳಿಯುತ್ತಿದ್ದರೆ ಯೂನಿಟ್ ನಿಂತು ಓಡುವ ಮೋಡ್‌ನಲ್ಲಿದೆ, ಫ್ರೋಜನ್‌ಗೆ ಅದು ತಪ್ಪಲ್ಲ. ಕೆಲವು ಗಂಟೆಗಳಿಗೊಮ್ಮೆ ದುಂಡನೆಯ ಉಬ್ಬು ಎದ್ದು ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಇಳಿದರೆ ಡಿಫ್ರಾಸ್ಟ್. ಆಗ ಮುಂಗೋಡೆಯ ಸೆನ್ಸರ್ ಹಲವು ಡಿಗ್ರಿ ಏರುತ್ತದೆ, ಪೆಟ್ಟಿಗೆಗಳ ಮಧ್ಯದ ಲಾಗರ್ ಅಲುಗುವುದೇ ಇಲ್ಲ. ಗೆರೆ ನೆಟ್ಟಗೆ ಚಿಮ್ಮಿ ನಿಧಾನ ಇಳಿದರೆ, ಅದೂ ಹಿಂದಿನ ಸೆನ್ಸರ್ ಮೊದಲು ಚಿಮ್ಮಿದರೆ, ಬಾಗಿಲು. ಹಿಂದಿನದು ಏರುತ್ತ ಮುಂದಿನದು ಇಳಿಯುತ್ತ ಕತ್ತರಿಯಂತೆ ಬಿಚ್ಚಿಕೊಂಡರೆ ಗಾಳಿಯ ದಾರಿ ಕಟ್ಟಿದೆ, ಮೊದಲಿಗೆ ಹೇಳಿದ ಮೈನಸ್ 18 ಮತ್ತು ಮೈನಸ್ 11ರ ಕತೆ ಅದೇ. ಮಧ್ಯಾಹ್ನ ಎರಡರಿಂದ ಐದರ ತನಕ ಸೆಟ್ ಪಾಯಿಂಟ್ ಮುಟ್ಟದೆ ಒದ್ದಾಡಿ ಸೂರ್ಯ ಇಳಿದ ಮೇಲೆ ತಾನೇ ಸರಿಯಾದರೆ ಯೂನಿಟ್‌ಗೆ ಶಕ್ತಿ ಸಾಲದು ಅಥವಾ ಕಂಡೆನ್ಸರ್ ಕಟ್ಟಿದೆ.

ಎಲ್ಲ ಸೆನ್ಸರ್‌ಗಳೂ ಜತೆಯಾಗಿ, ಮೊದಲು ಚುರುಕಾಗಿ ಆಮೇಲೆ ಮಂದವಾಗಿ ಏರಿ, ಊರು ಮುಟ್ಟುವ ಮುಕ್ಕಾಲು ಗಂಟೆ ಮುಂಚೆ ಕಡಿದಾಗಿ ಇಳಿದರೆ ಯಾರೋ ಯೂನಿಟ್ ಬಂದ್ ಮಾಡಿದ್ದರು. 'ಗಾಡಿ ಓಡ್ತಿದ್ರ ಗಾಳಿ ಬಡಿತದ, ಥಂಡೇ ಇರ್ತದ' ಎಂಬ ವಾದ ಕೇಳಿಬರುತ್ತದೆ. ಡೀಸೆಲ್ ಲೆಕ್ಕವನ್ನು ಡ್ರೈವರ್ ಹೆಗಲಿಗೆ ಹಾಕಿ ಟ್ರಿಪ್ಪಿಗಿಷ್ಟು ಎಂದು ಕೊಟ್ಟರೆ ಈ ಗೆರೆ ಮೂಡುವುದು ಖಚಿತ. ಸೆನ್ಸರ್ ಎಷ್ಟು ಹಾಕಿದರೂ ಅದು ನಿಲ್ಲದು. ಯೂನಿಟ್‌ನ ಡೀಸೆಲನ್ನು ಬೇರೆ ಲೆಕ್ಕದಲ್ಲಿ ಕೊಡಬೇಕು. ಕೊನೆಗೆ, ಗಂಟೆಗಟ್ಟಲೆ ಒಂದೇ ದಶಾಂಶದಲ್ಲಿ ಅಲುಗದ ಗೆರೆ ಕಂಡರೆ ಖುಷಿಪಡಬೇಡಿ. ಸೆನ್ಸರ್ ಮಂಜುಗಡ್ಡೆಯೊಳಗೆ ಹೂತಿದೆ ಅಥವಾ ಟ್ರ್ಯಾಕರ್ ಹಳೆಯ ಅಂಕಿಯನ್ನೇ ಕಳಿಸುತ್ತಿದೆ.

ಅಲಾರಂ ಎಲ್ಲಿಡಬೇಕು ಎಂಬುದು ಈ ಗೆರೆಗಳಿಂದಲೇ ತೀರ್ಮಾನ. ಮೈನಸ್ 17.9ಕ್ಕೇ ಕೂಗುವಂತೆ ಇಟ್ಟರೆ ಪ್ರತಿ ಡಿಫ್ರಾಸ್ಟ್‌ಗೂ ಫೋನ್ ಬರುತ್ತದೆ, ಮೂರನೇ ದಿನ ಎಲ್ಲರೂ ಮ್ಯೂಟ್ ಮಾಡುತ್ತಾರೆ. ಫ್ರೋಜನ್‌ಗೆ ನಾವು ಇಟ್ಟದ್ದು ಹಿಂದಿನ ಸೆನ್ಸರ್ ಮೈನಸ್ 15ಕ್ಕಿಂತ ಬಿಸಿಯಾಗಿ ಸತತ 30 ನಿಮಿಷ ಇದ್ದರೆ ಕೂಗುವಂತೆ. ಕಾನೂನಿನ ಮಿತಿ ಮೈನಸ್ 18 ಮಾಲಿಗೆ ಸೇರಿದ್ದು, ಅಲಾರಂ ಗಾಳಿಗೆ. ಇದರ ಜತೆಗೆ 20 ನಿಮಿಷ ಯಾವ ಓದೂ ಬಾರದಿದ್ದರೆ ಅದಕ್ಕೂ ಒಂದು ಅಲಾರಂ.

ಥಂಡಿ ಮಾಲಿನ ಲೆಕ್ಕ ಬೇರೆ. ಹಾಲು, ಪನೀರ್, ಮೊಸರಿಗೆ 5 ಡಿಗ್ರಿಯೊಳಗೆ ಇರಬೇಕು, ಆದರೆ ಸೊನ್ನೆಗಿಳಿಯಬಾರದು. ಹೀಗಾಗಿ ಮೇಲೆ 6ಕ್ಕೆ, ಕೆಳಗೆ 1ಕ್ಕೆ ಎರಡು ಅಲಾರಂ. ಪ್ಯಾಕೆಟ್ ಹಾಲಿಗೆ ಪ್ರೋಬ್ ಚುಚ್ಚುವುದು ಬೇಡ, ಎರಡು ಪ್ಯಾಕೆಟ್ ಜೋಡಿಸಿ ನಡುವೆ ಇಟ್ಟು ಮಡಚಿ ಹಿಡಿದರೆ ಸಾಕು. ಕಮಲಾಪುರದ ಕೆಂಪು ಬಾಳೆಯನ್ನು ಇದೇ ಗಾಡಿಯಲ್ಲಿ 4 ಡಿಗ್ರಿಗೆ ಕಳಿಸಿದರೆ ಸಿಪ್ಪೆ ಮಂಕಾಗಿ ಕಪ್ಪಿಡುತ್ತದೆ, ಹಣ್ಣು ಸರಿಯಾಗಿ ಮಾಗುವುದಿಲ್ಲ. ಬಾಳೆಗೆ 13ಕ್ಕಿಂತ ಕೆಳಗೆ ಹೋಗಬಾರದು. ಅದು ಉಸಿರಾಡುವ ಮಾಲು, ತಾನೇ ಶಾಖ ಬಿಡುತ್ತದೆ. ಗಾಳಿ ಪೆಟ್ಟಿಗೆಗಳ ಸುತ್ತ ಹೋದರೆ ಸಾಲದು, ತೂತುಗಳ ಮೂಲಕ ಒಳಗೇ ಹಾಯಬೇಕು. ಒಂದೇ ಗಾಡಿಯಲ್ಲಿ ಹಾಲನ್ನೂ ಬಾಳೆಯನ್ನೂ ಹಾಕಿ '8 ಡಿಗ್ರಿ ಇಟ್ಟರೆ ಇಬ್ಬರಿಗೂ ಆಯ್ತು' ಎನ್ನುವ ರಾಜಿಯಲ್ಲಿ ಎರಡೂ ಕೆಡುತ್ತವೆ.

ಯಾದಗಿರಿಯಲ್ಲಿ ಇಳಿಸುವಾಗ ಮುಂದೆ, ನಡುವೆ, ಹಿಂದೆ ಮೂರು ಕಡೆ ಪ್ರೋಬ್ ಓದು, ಮೂರನ್ನೂ ಬಿಲ್ಲಿನ ಮೇಲೆ ಸಮಯದೊಂದಿಗೆ ಬರೆದು ಇಬ್ಬರ ಸಹಿ. ಹಿಂದಿನ ಸಾಲನ್ನು ಬಾಗಿಲು ತೆಗೆದ ಮೊದಲ ಎರಡು ನಿಮಿಷದಲ್ಲಿ ಓದಬೇಕು, ಅರ್ಧ ಮಾಲು ಇಳಿಸಿದ ಮೇಲೆ ಓದಿದ ಅಂಕಿ ವಾದಕ್ಕೆ ನಿಲ್ಲುವುದಿಲ್ಲ. ಲಾಗರ್‌ಗಳನ್ನು ಅಲ್ಲೇ ನಿಲ್ಲಿಸಿ, ಪಿಡಿಎಫ್ ತೆಗೆದು ಎರಡೂ ಕಡೆಗೆ ಕಳಿಸಿ. ಆಮೇಲೆ ಅವು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿನಲ್ಲಿ ಪ್ರಯಾಣ ಮಾಡಿ ಪರದೆ ಕಪ್ಪಾಗಿ ವಾಪಸ್ ಬರುತ್ತವೆ. ಹಾಗೆ ಬಂದ ಲಾಗರನ್ನು ಪರದೆ ಮತ್ತೆ ತಿಳಿಯಾಯಿತೆಂದು ಮರುದಿನದ ಗಾಡಿಗೆ ಹಾಕಬೇಡಿ, ಮೊದಲು ಐಸ್ ಫ್ಲಾಸ್ಕಿಗೆ ಹಾಕಿ.